ಬ್ಲೇಡಿನಿಂದ ಕೆರೆದ ಕೋಣೆ

ಮನೆಯ ನಕಾಶೆ ಬರೆಯಲು ಕೂತವನು ಸ್ಕೇಲು ಮುಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಈ ಮನೆಯಲ್ಲಿ ಯಾರು ಯಾರು ಎಲ್ಲೆಲ್ಲಿ ಮಲಗುತ್ತೀರಿ? ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ತಿರುಗಿ ಇಪ್ಪತ್ತೈದು ವರ್ಷ ಮಂದಿಯ ಮನೆ ಬರೆದೆ. ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಟ್ಟ ಯಜಮಾನನನ್ನು ನಾನು ಕಂಡಿಲ್ಲ. ದೇವರ ಮನೆ ಯಾವ ದಿಕ್ಕಿಗೆ ಅಂದರೆ ಥಟ್ಟನೆ ಹೇಳುತ್ತಾರೆ. ಎತ್ತು ಎಲ್ಲಿ ಕಟ್ಟುತ್ತೀರಿ ಅಂದರೆ ಎದ್ದು ಬಂದು ಜಾಗ ತೋರಿಸುತ್ತಾರೆ. ನಿಮ್ಮ ತಾಯಿ ಎಲ್ಲಿ ಮಲಗುತ್ತಾರೆ ಅಂದರೆ ಮಾತ್ರ ನನ್ನ ಮುಖವನ್ನು ಪಿಳಿಪಿಳಿ ನೋಡುತ್ತಾರೆ. "ಅಲ್ಲೇ ಎಲ್ಲ್ಯರೆ ಮಲಕೋತಾಳ್ರಿ" ಅನ್ನುತ್ತಾರೆ. ಅಲ್ಲೇ ಎಲ್ಲೋ ಅನ್ನುವುದೂ ಒಂದು ಕೋಣೆಯೇನು? ಅದರ ಉದ್ದ ಎಷ್ಟು, ಅಗಲ ಎಷ್ಟು, ಕಿಟಕಿ ಯಾವ ಕಡೆ?

ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬರೆಯುವಾಗಲಾದರೂ ಸ್ವಲ್ಪ ತಣ್ಣಗೆ ಬರೆಯಿರಿ ಎಂದು ನನ್ನ ಹೆಂಡತಿ ಹೇಳಿದಳು. ಆಗುವುದಿಲ್ಲ. ಇಷ್ಟು ವರ್ಷ ತಣ್ಣಗಿದ್ದದ್ದೇ ತಪ್ಪಾಯಿತು.

ನನ್ನ ಊರು ಹಿರೋಳ್ಳಿ. ಮೆಟ್ರಿಕ್ ಮುಗಿಸಿ, ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿ, ಎಪ್ಪತ್ತರ ದಶಕದ ನಡುವೆ ಆಳಂದದಲ್ಲಿ ಒಬ್ಬ ಖಾಸಗಿ ಎಂಜಿನಿಯರರ ಬಳಿ ಕೆಲಸಕ್ಕೆ ಸೇರಿದೆ. ಅವರ ಹೆಸರು ಬೇಡ, ಎಲ್ಲರೂ ಸಾಹೇಬರು ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ನಕಾಶೆ ಬರೆಯುವ ನನ್ನನ್ನು ಮಂದಿ ಮಾಸ್ತರ್ ಅನ್ನುತ್ತಿದ್ದರು. ಬಸ್ ನಿಲ್ದಾಣದ ಹತ್ತಿರ ಕಿರಾಣಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅವರ ಆಫೀಸು. ಒಂದು ದೊಡ್ಡ ಮೇಜು, ಒಂದು ಬೀರು, ಗೋಡೆಗೆ ಒರಗಿಸಿಟ್ಟ, ನೇರ ಗೆರೆ ಎಳೆಯುವ ಟೀ-ಸ್ಕ್ವೇರು. ಕೆಳಗೆ ತೊಗರಿ ಚೀಲ ಇಳಿಸುವಾಗ ಎದ್ದ ಧೂಳು ನೇರ ನಮ್ಮ ಕಾಗದದ ಮೇಲೆ ಬಂದು ಕೂರುತ್ತಿತ್ತು. ಸಾಹೇಬರು ಕೆಲಸದಲ್ಲಿ ಪಕ್ಕಾ ಮನುಷ್ಯ. ಗೆರೆ ಕೂದಲೆಳೆಯಷ್ಟು ದಪ್ಪವಾದರೂ ಹಾಳೆ ಹರಿದು ಕೈಗೆ ಕೊಡುತ್ತಿದ್ದರು. "ನಿನ್ನ ಕೈ ಚೊಲೋ ಅದ. ತಲಿ ಮಾತ್ರ ಹಿರೋಳ್ಳ್ಯಾಗೇ ಬಿಟ್ಟು ಬಂದೀದಿ" ಎಂದು ವಾರಕ್ಕೊಮ್ಮೆಯಾದರೂ ಅನ್ನುತ್ತಿದ್ದರು. ನನಗೆ ಕೆಲಸ ಕಲಿಸಿದವರು ಅವರೇ. ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಸಿದವರೂ ಅವರೇ.

ಆಗ ಮನೆ ಕಟ್ಟಲು ನಕಾಶೆ ಬೇಕು ಅಂದರೆ ಮಂದಿ ನಗುತ್ತಿದ್ದರು. ಗೌಂಡಿ ಬರುತ್ತಿದ್ದ, ಖಾಲಿ ಜಾಗದಲ್ಲಿ ನಾಲ್ಕು ಗೂಟ ಬಡಿದು ದಾರ ಕಟ್ಟುತ್ತಿದ್ದ, ಸುಣ್ಣದ ಪುಡಿ ಉದುರಿಸಿ ಗೆರೆ ಎಳೆಯುತ್ತಿದ್ದ. ಇದು ಪಡಸಾಲೆ, ಇದು ಅಡುಗೆ ಮನೆ, ಇದು ದನದ ಕೊಟ್ಟಿಗೆ. ಮನೆಯವರೆಲ್ಲ ಆ ಗೆರೆಗಳ ನಡುವೆ ಓಡಾಡಿ ನೋಡುತ್ತಿದ್ದರು. ಹೆಂಗಸರೂ ಬಂದು, ಒಲೆ ಇಲ್ಲಿ ಬೇಡ, ಗಾಳಿಗೆ ಹೊಗೆ ಒಳಗೇ ತಿರುಗುತ್ತದೆ ಎನ್ನುತ್ತಿದ್ದರು. ಗೌಂಡಿ ಕಾಲಿನಿಂದ ಗೆರೆ ಅಳಿಸಿ ಪಕ್ಕಕ್ಕೆ ಹಾಕುತ್ತಿದ್ದ. ಆಮೇಲೆ ಪುರಸಭೆಯ ಪರವಾನಗಿ, ಬ್ಯಾಂಕಿನ ಸಾಲ ಅಂತ ಬಂತು. ಗೆರೆ ನೆಲದಿಂದ ಎದ್ದು ಕಾಗದಕ್ಕೆ ಹೋಯಿತು, ಕಾಗದ ಗಂಡಸರ ಬಗಲಿಗೆ ಹೋಯಿತು. ಹೆಂಗಸರು ಮನೆಯನ್ನು ನೋಡಿದ್ದು ಗೋಡೆ ಎದ್ದ ಮೇಲೆಯೇ. ಇದನ್ನು ಸುಧಾರಣೆ ಎಂದು ಕರೆದೆವು.

ನನ್ನ ಮೊದಲ ದೊಡ್ಡ ತಪ್ಪು ಅಫಜಲಪುರದಲ್ಲಿ ಆಯಿತು. ಒಬ್ಬ ರೈತರ ಮನೆ. ಎತ್ತಿನ ಕೊಟ್ಟಿಗೆಯ ಬಾಗಿಲಿಗೆ ಪುಸ್ತಕದಲ್ಲಿ ನೋಡಿ ಮೂರಡಿ ಬರೆದುಬಿಟ್ಟೆ. ಚೌಕಟ್ಟು ಕೂರಿಸಿ ಎತ್ತು ಒಳಗೆ ಹೊಡೆದರೆ ಕೊಂಬು ಎರಡೂ ಕಡೆ ಸಿಕ್ಕಿಕೊಂಡವು. ರೈತರು ಎತ್ತಿನ ಹಗ್ಗ ಹಿಡಿದೇ ನನ್ನ ಮೇಲೆ ಏರಿ ಬಂದರು. "ಏನ್ರಿ ಮಾಸ್ತರ್ರ, ನನ್ನ ಎತ್ತು ಅಡ್ಡಡ್ಡ ನಡೀಬೇಕೇನ್ರಿ? ಕೊಂಬು ಬಿಚ್ಚಿ ಗೂಟಕ್ಕ ತೂಗುಹಾಕಿ ಒಳಗ ಹೋಗ್ಬೇಕೇನ್ರಿ?" ನೆರೆದ ಮಂದಿಯೆಲ್ಲ ನಕ್ಕರು. ಮರುದಿನ ಬೆಳಿಗ್ಗೆಯೇ ಚೌಕಟ್ಟು ಕಿತ್ತರು, ಗೋಡೆ ಒಡೆದರು, ಸಂಜೆಯೊಳಗೆ ನಾಲ್ಕೂವರೆ ಅಡಿ ಬಾಗಿಲಾಯಿತು. ಯಾರೂ ಇದು ಆಗುವುದಿಲ್ಲ ಅನ್ನಲಿಲ್ಲ. ನಾನು ನಾಚಿಕೊಂಡು ಬಂದೆ, ಸಾಹೇಬರು ಕಿವಿ ಹಿಂಡಿದರು. ಅಲ್ಲಿಂದ ಮುಂದೆ ಬಾಗಿಲು ಬರೆಯುವ ಮೊದಲು ಆ ಬಾಗಿಲಿನಲ್ಲಿ ಹಾಯುವ ಪ್ರಾಣಿಯನ್ನು ಕಣ್ಣಾರೆ ನೋಡಿ ಬರುವುದು ರೂಢಿಯಾಯಿತು.

ಆಳಂದದ ಒಬ್ಬ ತೊಗರಿ ವ್ಯಾಪಾರಿಗಳದ್ದು ಇನ್ನೊಂದು ಬಗೆ. ಬಂದವರು ಕೂರಲು ಇಪ್ಪತ್ತಡಿಯ ಹಾಲ್, ಅದರಲ್ಲಿ ಗಾಜಿನ ಕಪಾಟು, ಹೊರಗೆ ಕಂಬದ ಪೋರ್ಚು. ಎಲ್ಲ ಬರೆದ ಮೇಲೆ ಉಳಿದ ಚೂರು ಜಾಗ ಅಡುಗೆ ಮನೆಗೆ. ಮೂರು ಕಡೆ ಗೋಡೆ. ನಾನು ಹಿಂಬದಿಗೆ ಒಂದು ಕಿಟಕಿ ಹಾಕಿದ್ದೆ. ಅವರು ಅದರ ಮೇಲೆ ಬೆರಳಿಟ್ಟು, "ಅಡಗಿ ಮನಿಗಿ ಕಿಡಕಿ ಯಾಕ್ರಿ? ಬೆಕ್ಕು ಬರ್ತಾದ" ಅಂದರು.

"ಹೊಗಿ ಎಲ್ಲಿ ಹೋಗಬೇಕ್ರಿ ಮತ್ತ?"

"ಮ್ಯಾಲ ಒಂದು ಬೆಳಕಿಂಡಿ ಬಿಡ್ರಿ, ಸಾಕು. ನಮ್ಮವ್ವ ಹಂಗೇ ಮಾಡ್ಯಾಳ."

ಅವರ ತಾಯಿ ಅಲ್ಲೇ ಮೂಲೆಯಲ್ಲಿ ಕೂತಿದ್ದರು. ಕಣ್ಣು ಕೆಂಪಗೆ, ರೆಪ್ಪೆಯಲ್ಲಿ ನೀರು. ಆ ಕಣ್ಣುಗಳು ಎಲ್ಲಿ ಹಾಗಾದವು ಎಂದು ಮಗನಿಗೆ ಕಾಣಲಿಲ್ಲ. ನನಗೆ ಕಂಡಿತು, ಮೈ ಉರಿಯಿತು. ಆದರೆ ಏನು ಮಾಡಿದೆ? ಕಿಟಕಿ ತೆಗೆದೆ. ಬೆಕ್ಕಿಗೆ ಹೆದರಿದ ಮನೆ ಇವತ್ತಿಗೂ ಅಲ್ಲೇ ನಿಂತಿದೆ, ಪೋರ್ಚಿಗೆ ಮಾತ್ರ ವರ್ಷಕ್ಕೊಮ್ಮೆ ಹೊಸ ಬಣ್ಣ.

ಕಿಟಕಿ ತೆಗೆಯುವುದು ಹೇಗೆ ಎಂದು ಈಗಿನವರಿಗೆ ಹೇಳಬೇಕು. ನೀವು ಒಂದು ಗುಂಡಿ ಒತ್ತಿದರೆ ಗೋಡೆ ಮಾಯವಾಗುತ್ತದೆ. ನಮ್ಮದು ಹಾಗಲ್ಲ. ಮೊದಲು ಪೆನ್ಸಿಲಿನಲ್ಲಿ ಬರೆದು, ಅದರ ಮೇಲೆ ತೆಳ್ಳನೆಯ ಟ್ರೇಸಿಂಗ್ ಕಾಗದ ಹಾಸಿ, ಕಪ್ಪು ಇಂಕಿನಲ್ಲಿ ತಿದ್ದಬೇಕು. ಆ ಹಾಳೆ ಗುಲ್ಬರ್ಗಾಕ್ಕೆ ಹೋಗಿ ಅಮೋನಿಯಾ ವಾಸನೆಯ ಪ್ರಿಂಟಾಗಿ ಬರಬೇಕು. ಇಂಕಿನ ಗೆರೆ ರಬ್ಬರಿಗೆ ಹೋಗುವುದಿಲ್ಲ. ಗಡ್ಡ ಕೆರೆಯುವ ಬ್ಲೇಡನ್ನು ಅರ್ಧಕ್ಕೆ ಮುರಿದು, ಉಸಿರು ಬಿಗಿಹಿಡಿದು, ಗೆರೆಯನ್ನು ಸ್ವಲ್ಪ ಸ್ವಲ್ಪವೇ ಕೆರೆದು ತೆಗೆಯಬೇಕು. ಒಂದು ಗೋಡೆ ಹೋಗಲು ಅರ್ಧ ಗಂಟೆ ಹಿಡಿಯುತ್ತದೆ. ಏನು ತೆಗೆಯುತ್ತಿದ್ದೇನೆ ಎಂದು ಯೋಚಿಸಲು ಅಷ್ಟು ಹೊತ್ತು ಸಾಕು. ಗೊತ್ತಿಲ್ಲದೆ ಮಾಡಿದೆ ಎಂದು ನಮ್ಮ ಕಾಲದವರು ಯಾರೂ ಹೇಳುವ ಹಾಗಿಲ್ಲ.

ಎಂಬತ್ತರ ದಶಕದಲ್ಲಿ ಸಾಹೇಬರು ಜೇವರ್ಗಿಯಲ್ಲೂ ಒಂದು ಕೋಣೆ ಹಿಡಿದು ನನ್ನನ್ನು ಅಲ್ಲಿ ಕೂರಿಸಿದರು. ವಾರಕ್ಕೆ ಎರಡು ದಿನ ಅವರೂ ಬರುತ್ತಿದ್ದರು. ಆಗಲೇ ಕೊಳಕೂರಿನ ಸಿದ್ರಾಮಪ್ಪ ಗೌಡರ ಮನೆಯ ಕೆಲಸ ಬಂದದ್ದು. ಗೌಡರು ಹೊಲಮನೆ ಚೆನ್ನಾಗಿದ್ದವರು, ದಿನಕ್ಕೆರಡು ಸಲ ಲಿಂಗಪೂಜೆ, ಹಣೆಯ ತುಂಬ ವಿಭೂತಿ. ಹೆಣ್ಣು ಗಂಡು ಭೇದವಿಲ್ಲ, ಮೇಲು ಕೀಳು ಇಲ್ಲ ಎಂದು ಸಂಜೆ ಕಟ್ಟೆಯ ಮೇಲೆ ಕೂತು ನಾಲ್ಕು ಮಂದಿಗೆ ಬುದ್ಧಿ ಹೇಳುವವರು. ಹಳೆಯ ಮಣ್ಣಿನ ಮಾಳಿಗೆ ಸೋರುತ್ತಿತ್ತು. ಅದನ್ನು ಕೆಡವಿ ಅದೇ ಜಾಗದಲ್ಲಿ ಹೊಸ ಮನೆ ಕಟ್ಟಬೇಕೆಂದು ಮಾಡಿದ್ದರು.

ನಾನು ಟೇಪು ಹಿಡಿದು ಹೋದೆ. ರೂಢಿಯಂತೆ ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳಿದೆ. ಗೌಡರು ಬೆರಳು ಮಡಚಿ ಎಣಿಸಿದರು.

"ನಾ ಒಬ್ಬ. ಗಂಡಮಕ್ಕಳು ಮೂರು ಮಂದಿ. ಸೊಸೆಂದ್ರು ಇಬ್ಬರು ಬಂದಾರ, ಇನ್ನೊಬ್ಬಾಕಿ ಬರೂ ವರ್ಷ ಬರ್ತಾಳ. ಮೊಮ್ಮಕ್ಕಳು ಎರಡು. ಒಂಬತ್ತು ಅಂತ ಹಿಡೀರಿ."

ಒಂಬತ್ತು ಎಂದು ಬರೆದುಕೊಂಡೆ. ಮಧ್ಯಾಹ್ನ ಊಟಕ್ಕೆ ಕೂತಾಗ ಬಡಿಸಲು ಬಂದವಳು ಸೊಸೆಯಲ್ಲ. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಬರಿಗೈ, ಬಣ್ಣ ಹೋದ ಸೀರೆ. ಯಾರು ಎಂದೆ.

"ಮಗಳು, ನೀಲಮ್ಮ. ಗಂಡ ತೀರ್ಕೊಂಡ ಮ್ಯಾಲ ಇಲ್ಲೇ ಇರ್ತಾಳ."

"ಹಂಗಾದ್ರ ಹತ್ತು ಮಂದಿ ಆದ್ರಲ್ರಿ ಗೌಡ್ರ."

ಗೌಡರು ಮನಸಾರೆ ನಕ್ಕರು. "ಅಕೀದೇನು ಲೆಕ್ಕರೀ? ಮನೀ ಮಗಳು." ತಾವು ಆಡಿದ ಮಾತು ಅವರ ಕಿವಿಗೆ ಬೀಳಲೇ ಇಲ್ಲ.

ಊಟದ ನಂತರ ಹಳೆಯ ಮನೆ ಅಳೆಯುವಾಗ ಟೇಪಿನ ಇನ್ನೊಂದು ತುದಿ ಹಿಡಿಯಲು ಯಾರೂ ಇರಲಿಲ್ಲ. ಗಂಡಸರು ಹೊಲಕ್ಕೆ ಹೋಗಿದ್ದರು, ಗೌಡರು ಅಡ್ಡಾಗಿದ್ದರು. ನೀಲಮ್ಮ ತಾನೇ ಬಂದು ಹಿಡಿದಳು. ಏಳನೆಯ ಇಯತ್ತೆ ಓದಿದವಳು, ಅಂಕಿ ಚುರುಕಾಗಿ ಹೇಳುತ್ತಿದ್ದಳು. ಜೋಳ ತುಂಬಿಡುವ ಕೋಣೆಗೆ ಬಂದಾಗ ಚೀಲಗಳ ಸಂದಿನಲ್ಲಿ ಸುತ್ತಿಟ್ಟ ಚಾಪೆ, ಒಂದು ಟ್ರಂಕು, ಗೋಡೆಯ ಗೂಟಕ್ಕೆ ಎರಡು ಸೀರೆ ಕಂಡವು.

"ಇಲ್ಲಿ ಯಾರು ಮಲಗ್ತಾರವ್ವ?" ಅಂದೆ.

"ನಾನೇರಿ." ಟೇಪಿನ ತುದಿ ಬಿಡದೆ ಕೇಳಿದಳು, "ಅಣ್ಣಾರ, ಹೊಸ ಮನ್ಯಾಗ ನನಗೊಂದು ಖೋಲಿ ಬರ್ತಾದೇನ್ರಿ? ಸಣ್ಣದಿದ್ರೂ ನಡೀತಾದ. ಒಳಗಿಂದ ಚಿಲಕ ಇರಬೇಕ್ರಿ, ಅಷ್ಟ."

ನಾನು ಬಾಗಿಲು ನೋಡಿದೆ. ಧಾನ್ಯದ ಕೋಣೆಯ ಬಾಗಿಲಿಗೆ ಕೊಂಡಿ ಹೊರಗೇ ಇರುತ್ತದೆ. ಜೋಳಕ್ಕೆ ಒಳಗಿನಿಂದ ಚಿಲಕ ಯಾಕೆ ಬೇಕು?

"ಜ್ವಾಳ ಬೇಕಾದವ್ರು ಯಾವಾಗ ಬೇಕಾದ್ರೂ ಬಾಗಲಾ ತಗೀತಾರ್ರಿ" ಅಂದಳು. "ತಮ್ಮಂದ್ರು ಬರ್ತಾರ, ಆಳುಮಕ್ಕಳು ಬರ್ತಾರ. ಸೀರಿ ಉಡಬೇಕಾದ್ರ ಒಂದು ಚೀಲ ಎಳದು ಬಾಗಲಿಗಿ ಅಡ್ಡ ಇಡ್ತೇನಿ. ಹನ್ನೊಂದು ವರ್ಷ ಆತ್ರಿ ಹಿಂಗ ಚೀಲ ಎಳ್ಯಾಕತ್ತಿ."

ಅವಳು ಹೊರಗೆ ಹೋದ ಮೇಲೆ ಆ ಚೀಲವನ್ನು ಎಳೆದು ನೋಡಿದೆ. ತುಂಬಿದ ಜೋಳದ ಚೀಲ. ಎರಡು ಗೇಣು ಸರಿಯುವಷ್ಟರಲ್ಲಿ ನನ್ನ ಸೊಂಟ ಹಿಡಿಯಿತು.

ಸಂಜೆ ಗೌಡರ ಪೂಜೆ ಮುಗಿಯುವುದನ್ನೇ ಕಾದಿದ್ದು ವಿಷಯ ತೆಗೆದೆ. ನನ್ನ ಧ್ವನಿ ಬೇಕಾದ್ದಕ್ಕಿಂತ ಜೋರಾಗಿಯೇ ಇತ್ತು. ಗೌಡರು ಸಿಟ್ಟಾಗಲಿಲ್ಲ. ಅಂಗೈಯ ವಿಭೂತಿ ಒರೆಸಿಕೊಂಡರು. ಆಮೇಲೆ, "ಖರೆ ಅದರಿ ಮಾಸ್ತರ್ರ. ನನ್ನ ಕಣ್ಣಿಗಿ ಬಿದ್ದಿರಲಿಲ್ಲ. ಅಕಿಗೊಂದು ಖೋಲಿ ಹಾಕ್ರಿ" ಅಂದರು. ಅಡುಗೆ ಮನೆಯ ಬಾಗಿಲಲ್ಲಿ ನೀಲಮ್ಮ ನಿಂತಿದ್ದಳು, ಕೇಳಿಸಿಕೊಂಡಳು. ಆ ಮಾತು ಕೇಳಿದವರು ನಾವಿಬ್ಬರೇ. ನಾನು ಜೇವರ್ಗಿಯ ಬಸ್ಸಿನಲ್ಲಿ ಏನೋ ಗೆದ್ದು ಬಂದವನ ಹಾಗೆ ಬೀಗುತ್ತಾ ಕೂತು ಬಂದೆ.

ಆ ಬೀಗುವಿಕೆಯೇ ಕೆಡಿಸಿತು. ನಾಲ್ಕು ದಿನ ಬೇರೆ ಕೆಲಸ ಮುಟ್ಟದೆ ನಕಾಶೆ ಬರೆದೆ. ಮಕ್ಕಳ ಮೂರು ಕೋಣೆಗಳಿಗೂ ಗೌಡರ ಕೋಣೆಗೂ ಬರೀ ಮಲಗುವ ಕೋಣೆ ಎಂದು ಬರೆದೆ. ಪಡಸಾಲೆಯ ಪಕ್ಕಕ್ಕೆ, ಹಿತ್ತಲಿಗೆ ಕಿಟಕಿ ಬರುವಂತೆ, ಹತ್ತಡಿ ಎಂಟಡಿಯ ಒಂದು ಕೋಣೆ ಹಾಕಿ, ಅದರಲ್ಲಿ ನನ್ನ ಕೈಯ ಅತ್ಯಂತ ಚೆಂದದ ಅಕ್ಷರದಲ್ಲಿ ನೀಲಮ್ಮನ ಕೋಣೆ ಎಂದು ಬರೆದೆ. ಯಾಕೆ ಬರೆದೆ? ಒಂಬತ್ತು ಮಂದಿ ಎಂದು ಎಣಿಸಿದ ಮನೆಗೆ ಹತ್ತನೆಯವಳನ್ನು ತೋರಿಸಿಕೊಡಬೇಕು ಎಂಬ ಜಂಬ. ಮೂರ್ಖತನ ಎಂದರೆ ಇದು. ಸಾಮಾನಿನ ಕೋಣೆ ಎಂದು ಬರೆದು, ಬಾಗಿಲಿಗೆ ಒಳಚಿಲಕ ಎಂದು ಸಣ್ಣಗೆ ನಮೂದಿಸಿ ಸುಮ್ಮನಿದ್ದಿದ್ದರೆ ಯಾರ ಕಣ್ಣಿಗೂ ಬೀಳದೆ ಆ ಕೋಣೆ ಕಟ್ಟಿ ನಿಲ್ಲುತ್ತಿತ್ತು. ಕಿರಿಯರೇ, ಇದನ್ನು ಮಾತ್ರ ಬರೆದಿಟ್ಟುಕೊಳ್ಳಿ.

ಪ್ರಿಂಟು ಬಂದ ಮೇಲೆ ನಾನೇ ಕೊಳಕೂರಿಗೆ ಹೋಗಿ ಕೊಟ್ಟು ಬಂದೆ. ಗಂಡಸರು ಯಾರೂ ಮನೆಯಲ್ಲಿರಲಿಲ್ಲ. ನೀಲಮ್ಮ ಕೈ ಒರೆಸಿಕೊಂಡು ಬಂದು ಹಾಳೆ ಬಿಡಿಸಿದಳು. ಹೆಸರಿನ ಮೇಲೆ ಬೆರಳಿಟ್ಟು ಓದಿದಳು. ಪಡಸಾಲೆಯಿಂದ ಎಷ್ಟು ಹೆಜ್ಜೆ, ಕಿಟಕಿ ಎಷ್ಟು ಎತ್ತರ, ಬಾಗಿಲು ಯಾವ ಕಡೆ ತೆರೆಯುತ್ತದೆ, ಎಲ್ಲ ಕೇಳಿದಳು. ಎದ್ದು ಬರುವಾಗ, "ಪ್ರಿಂಟ್ ಎರಡು ಅದಾವಲ್ರಿ, ಒಂದು ನಾ ಇಟ್ಕೊಳ್ಳೇನ್ರಿ?" ಅಂದಳು. ಇಟ್ಟುಕೋ ತಾಯಿ ಎಂದೆ.

ಎಂಟು ದಿನದ ಮೇಲೆ ಹಿರಿಯ ಮಗ ಮಲ್ಲಣ್ಣ ಜೇವರ್ಗಿಯ ಆಫೀಸಿಗೆ ಬಂದ. ಹಿಂದೆ ಗೌಡರು. ಅವತ್ತು ಸಾಹೇಬರೂ ಇದ್ದರು. ಮಲ್ಲಣ್ಣ ಇನ್ನೊಂದು ಪ್ರಿಂಟನ್ನು ಸಾಹೇಬರ ಮೇಜಿನ ಮೇಲೆ ಹರಡಿ ಆ ಹೆಸರಿನ ಮೇಲೆ ಗುದ್ದಿದ.

"ಇದರ ಮ್ಯಾಲ ಪಂಚಾಯ್ತಿ ಶಿಕ್ಕಾ ಬೀಳ್ತಾದ್ರಿ ಸಾಹೇಬ್ರ. ಹೆಸರು ಬರದ ಕಾಗದ, ಶಿಕ್ಕಾ ಬಿದ್ದ ಕಾಗದ. ನಾಳೆ ಅಕಿ ಇದನ್ನೇ ಹಿಡ್ಕೊಂಡು ಪಾಲು ಕೇಳಿದ್ರ ಯಾರು ಜವಾಬ್ದಾರ್ರೀ?"

ಸಾಹೇಬರು ನೋಡದೆಯೇ ಸಹಿ ಹಾಕಿದ್ದ ಹಾಳೆ ಅದು. ಅವರ ಮುಖ ಕಪ್ಪಿಟ್ಟಿತು. ನನ್ನ ಕಡೆ ತಿರುಗಿ, "ನಕಾಶಿ ಮ್ಯಾಲ ಮಂದಿ ಹೆಸರು ಬರೀತಾರೇನಲೇ? ಎಲ್ಲಿ ಕಲ್ತಿ ಇದನ್ನ?" ಎಂದು ಕೂಗಿದರು.

"ಹೆಸರು ತಗೀತೇನ್ರಿ" ಅಂದೆ. "ಸಾಮಾನಿನ ಖೋಲಿ ಅಂತ ಬರೀತೇನಿ. ಖೋಲಿ ಇರ್ಲಿರಿ."

"ಖೋಲೀನೂ ಬ್ಯಾಡ" ಅಂದ ಮಲ್ಲಣ್ಣ. "ಒಮ್ಮಿ ಅಕಿ ತಲ್ಯಾಗ ಹೊಕ್ಕದ. ಪಡಸಾಲಿ ಉದ್ದ ಮಾಡ್ರಿ, ಬಂದವ್ರು ಕೂಡ್ಲಿಕ್ಕ ಆಗ್ತಾದ."

ನಾನು ಗೌಡರನ್ನು ನೋಡಿದೆ. "ಗೌಡ್ರ, ನೀವೇ ಹೇಳಿದ್ರಲ್ರಿ?"

ಗೌಡರು ತಮ್ಮ ಚಪ್ಪಲಿ ನೋಡುತ್ತಿದ್ದರು. "ಹುಡುಗರು ಹೇಳ್ದಂಗ ಮಾಡ್ರಿ" ಅಂದರು. ಹೆಣ್ಣು ಗಂಡು ಭೇದವಿಲ್ಲ ಎಂದು ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಹೇಳುತ್ತಿದ್ದ ಬಾಯಿ ಅದು. ಆ ಬಾಯಿಗೆ ತನ್ನ ಹೊಟ್ಟೆಯಲ್ಲಿ ಹುಟ್ಟಿದವಳ ವಿಷಯ ಬಂದಾಗ ನಾಲಿಗೆ ಬಿದ್ದುಹೋಯಿತು. ಅವರು ಸತ್ತು ವರ್ಷಗಳಾದವು, ನನ್ನ ಸಿಟ್ಟು ಇಳಿದಿಲ್ಲ.

ಅವರ ಎದುರಿಗೇ ಕೆರೆಯಲು ಹೇಳಿದರು ಸಾಹೇಬರು. ಮೂಲ ಟ್ರೇಸಿಂಗ್ ಹಾಳೆ ಹಾಸಿ ಬ್ಲೇಡು ಮುರಿದೆ. ಮೊದಲು ಹೆಸರು ಕೆರೆದೆ, ಆಮೇಲೆ ಕಿಟಕಿ, ಆಮೇಲೆ ಬಾಗಿಲು, ಕೊನೆಗೆ ಗೋಡೆ. ಮಲ್ಲಣ್ಣ ಚಹಾ ಕುಡಿಯುತ್ತಾ ನೋಡಿದ. ಎತ್ತಿನ ಕೊಂಬಿಗಾಗಿ, ಕಟ್ಟಿ ನಿಂತ ಗೋಡೆಯನ್ನೇ ಒಂದು ದಿನದಲ್ಲಿ ಒಡೆದು ಜಾಗ ಮಾಡಿಕೊಟ್ಟ ಸೀಮೆ ನಮ್ಮದು. ಇಲ್ಲಿ ಗೋಡೆ ಇನ್ನೂ ಎದ್ದೇ ಇರಲಿಲ್ಲ, ಬರೀ ಇಂಕು. ಅಷ್ಟೂ ಆಗಲಿಲ್ಲ.

ಪಾಯ ತೋಡುವಾಗ ಅಳತೆ ಹಾಕಿಕೊಡಲು ಹೋದೆ. ನೀಲಮ್ಮ ಕೂಲಿಯವರಿಗೆ ನೀರು ತಂದಿದ್ದಳು. ಕೊಡ ಇಳಿಸಿ, ತೋಡಿದ ಸಾಲುಗಳ ನಡುವೆ ಮೂಲೆಯಿಂದ ಹೆಜ್ಜೆ ಎಣಿಸುತ್ತಾ ಬಂದು ಒಂದು ಕಡೆ ನಿಂತಳು. "ಅಣ್ಣಾರ, ಇಲ್ಲಿ ಗ್ವಾಡಿ ಬರಬೇಕಿತ್ತಲ್ರಿ? ತೋಡೇ ಇಲ್ಲ" ಅಂದಳು.

"ಸ್ವಲ್ಪ ಬದಲಾಗ್ಯಾದವ್ವ" ಅಂದೆ. "ಮುಂದ ನೋಡೋಣು."

ಅವಳು ಕೊಡ ಎತ್ತಿಕೊಂಡಳು. ಮುಂದೆ ನೋಡಲು ಏನೂ ಉಳಿದಿಲ್ಲ ಎಂದು ನನಗೆ ಗೊತ್ತಿತ್ತು. ಹೊಸ ಮನೆಗೂ ಒಂದು ಧಾನ್ಯದ ಕೋಣೆ ಬರೆದಿದ್ದೆ, ಕಿಟಕಿಯಿಲ್ಲದ್ದು, ಹೊರಗೆ ಕೊಂಡಿ ಇದ್ದದ್ದು. ಮನೆ ಮುಗಿದ ಮೇಲೆ ಅವಳ ಚಾಪೆ, ಟ್ರಂಕು ಅಲ್ಲಿಗೇ ಹೋದವು.

ತೊಂಬತ್ತರ ದಶಕ ಬರುವಷ್ಟರಲ್ಲಿ ಕೆಲಸದ ರೀತಿಯೇ ಬದಲಾಯಿತು. ಮಣ್ಣಿನ ಮಾಳಿಗೆ ಹೋಗಿ ಸ್ಲ್ಯಾಬು ಬಂತು. ನೂರು ಮನೆಗಳ ನಕಾಶೆ ಇದ್ದ ಅಚ್ಚಿನ ಪುಸ್ತಕ ಬಂತು. ಮಂದಿ ಬಂದು ಬೆರಳಿಟ್ಟು, ನಲವತ್ತೇಳನೆಯದು ಕೊಡ್ರಿ ಅನ್ನತೊಡಗಿದರು, ಅಂಗಡಿಯಲ್ಲಿ ಸೀರೆ ಆರಿಸಿದ ಹಾಗೆ. ವಾಸ್ತು ಹೇಳುವವರು ನಮ್ಮ ಆಫೀಸಿನಲ್ಲೇ ಕುರ್ಚಿ ಎಳೆದುಕೊಂಡು ಕೂತರು. ನೈಋತ್ಯದಲ್ಲಿ ಯಜಮಾನ, ಆಗ್ನೇಯದಲ್ಲಿ ಒಲೆ, ಈಶಾನ್ಯದಲ್ಲಿ ದೇವರು. ಎಂಟೂ ದಿಕ್ಕು ಹಂಚಿ ಮುಗಿಯಿತು. ಮನೆಗೆ ಮರಳಿ ಬಂದ ಮಗಳಿಗೆ ಯಾವ ದಿಕ್ಕು ಎಂದು ಒಬ್ಬ ಪಂಡಿತರನ್ನು ಕೇಳಿಯೇಬಿಟ್ಟೆ. ಅಂಥಾದ್ದು ಶಾಸ್ತ್ರದಲ್ಲಿ ಇಲ್ಲ ಅಂದರು. ಸಾಹೇಬರು ನನ್ನನ್ನು ಆಚೆ ಕರೆದು, ಬಂದವರ ಎದುರು ಅಧಿಕಪ್ರಸಂಗ ಮಾಡಬೇಡ ಎಂದು ಬೈದರು.

ಆ ಹೊತ್ತಿಗೆ ಸಿದ್ರಾಮಪ್ಪ ಗೌಡರು ತೀರಿಕೊಂಡರು. ತಿಂಗಳೊಪ್ಪತ್ತಿನಲ್ಲಿ ನೀಲಮ್ಮ ಊರಿನ ಹಿರಿಯರ ಹತ್ತಿರ ಹೋದಳಂತೆ. ಹೊಲ ಬೇಡ, ಪಾಲು ಬೇಡ, ಮನೆಯಲ್ಲಿ ಒಂದು ಕೋಣೆ ಕೊಡಿಸಿರಿ, ನನ್ನಪ್ಪ ಕೊಡುತ್ತೇನೆ ಅಂದಿದ್ದ ಎಂದಳಂತೆ. ಟ್ರಂಕಿನಲ್ಲಿ ಇಟ್ಟಿದ್ದ ಆ ಹಳೆಯ ಪ್ರಿಂಟು ತೆಗೆದು ಮುಂದಿಟ್ಟಳಂತೆ. ತಮ್ಮಂದಿರು, ಅದು ನಕಾಶೆ ಬರೆದವನು ತನ್ನ ಮನಸ್ಸಿಗೆ ಬಂದ ಹಾಗೆ ಬರೆದದ್ದು ಅಂದರಂತೆ. ಹಾಗಾದರೆ ಬರೆದವನನ್ನೇ ಕರೆಯಿರಿ ಎಂದರು ಹಿರಿಯರು.

ನನಗೆ ಹೇಳಿಕಳಿಸಿದ ದಿನವೇ ಸಾಹೇಬರಿಗೂ ಸುದ್ದಿ ಮುಟ್ಟಿತ್ತು. ಆಗ ಮಲ್ಲಣ್ಣ ಜೇವರ್ಗಿಯಲ್ಲಿ ದಾಲ್ ಮಿಲ್ ಹಾಕುತ್ತಿದ್ದ, ಅದರ ಪೂರ್ತಿ ಕೆಲಸ ನಮ್ಮ ಆಫೀಸಿನದ್ದೇ. ಸಾಹೇಬರು ಈ ಸಲ ಕೂಗಲಿಲ್ಲ. ಹೆಗಲ ಮೇಲೆ ಕೈಯಿಟ್ಟು, "ಕೈತಪ್ಪು ಆಗ್ಯಾದ ಅಂತ ಹೇಳು. ಒಂದು ಮಾತು. ಇಲ್ಲಂದ್ರ ನಾಳಿಂದ ಇಲ್ಲಿ ನಿನ್ನ ಕೆಲಸ ಏನೂ ಉಳೀಲಿಲ್ಲ" ಅಂದರು. ಮಕ್ಕಳ ಶಾಲೆ ಇತ್ತು, ವಯಸ್ಸಾಗಿತ್ತು, ಬೇರೆ ಕೆಲಸ ಸಿಗುತ್ತಿರಲಿಲ್ಲ ಎಂದೆಲ್ಲ ಇಲ್ಲಿ ಹೇಳಬಹುದು. ಹೇಳುವುದಿಲ್ಲ. ಓದುವವರು ಅಯ್ಯೋ ಪಾಪ ಅನ್ನುತ್ತಾರೆ, ಅದು ನನಗೆ ಬೇಡ.

ಕೊಳಕೂರಿನಲ್ಲಿ ಅದೇ ಮನೆಯ ಪಡಸಾಲೆಯಲ್ಲಿ ಹಿರಿಯರು ಕೂತಿದ್ದರು, ಬಂದವರು ಕೂರಲಿ ಎಂದು ಉದ್ದ ಮಾಡಿದ ಭಾಗದಲ್ಲಿ. ಮಲ್ಲಣ್ಣ ಕಂಬಕ್ಕೆ ಒರಗಿ ನಿಂತಿದ್ದ. ನೀಲಮ್ಮ ಒಳಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಅವಳ ಮುಖ ಅರಳಿತು. ತನ್ನ ಕಡೆಯ ಮನುಷ್ಯ ಬಂದ ಎಂಬ ಹಾಗೆ ನೋಡಿದಳು.

ಹಿರಿಯರಲ್ಲಿ ಮುಖ್ಯರಾದವರು ಶಾಂತಪ್ಪನವರು, ಒಳ್ಳೆಯ ಮನುಷ್ಯ. ಪ್ರಿಂಟನ್ನು ಮೊಣಕಾಲ ಮೇಲೆ ಬಿಡಿಸಿಟ್ಟುಕೊಂಡು ಕೇಳಿದರು. "ಮಾಸ್ತರ್ರ, ಇದು ನಿಮ್ಮ ಕೈಲೆ ಬರದದ್ದೇನ್ರಿ?"

"ಹೌದ್ರಿ."

"ಇಲ್ಲಿ ನೀಲಮ್ಮನ ಖೋಲಿ ಅಂತ ಅದ. ಗೌಡ್ರು ತಮ್ಮ ಬಾಯಿಲೆ ಹೇಳಿ ಬರಿಸಿದ್ದು ಖರೆ ಇದ್ರ, ಈ ಹುಡುಗರು ಇಂದೇ ಖೋಲಿ ಬಿಟ್ಟುಕೊಡಬೇಕು, ಅದಕ್ಕ ನಾ ಇದ್ದೇನಿ. ಗೌಡ್ರು ಹೇಳಿದ್ರೇನು?"

ಹೌದು ಎಂಬ ಒಂದು ಮಾತು ಸಾಕಿತ್ತು. ಅಷ್ಟು ಸುಲಭವಾಗಿತ್ತು ಅದು. ಮಲ್ಲಣ್ಣ ನನ್ನನ್ನು ನೋಡುತ್ತಿದ್ದ. ನಾನು ಯಾರನ್ನೂ ನೋಡಲಿಲ್ಲ.

"ನನ್ನ ಕೈತಪ್ಪು ಆಗಿರಬೇಕ್ರಿ" ಅಂದೆ.

ಆಗಿರಬೇಕು! ಸುಳ್ಳನ್ನಾದರೂ ನೆಟ್ಟಗೆ ಹೇಳುವ ಧೈರ್ಯ ಇರಲಿಲ್ಲ ನನಗೆ. ಶಾಂತಪ್ಪನವರು ಇನ್ನೊಮ್ಮೆ ಕೇಳಿದರು, ಇನ್ನೊಮ್ಮೆ ಅದನ್ನೇ ಹೇಳಿದೆ. ಅವರು ಹಾಳೆ ಮಡಚಿ ನನ್ನ ಕೈಗೇ ಕೊಟ್ಟು, "ಹಂಗಾದ್ರ ನಾವು ಮಾತಾಡೂದು ಏನೂ ಉಳೀಲಿಲ್ಲ" ಎಂದು ಎದ್ದರು. ನೀಲಮ್ಮ ಅಳಲಿಲ್ಲ, ಬೈಯಲಿಲ್ಲ. ಸೆರಗು ಹೊದ್ದುಕೊಂಡು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನನ್ನ ಕೆಲಸ ಉಳಿಯಿತು. ದಾಲ್ ಮಿಲ್ಲಿನ ನಕಾಶೆ ನಾನೇ ಬರೆದೆ. ಆ ಹೆಣ್ಣುಮಗಳು ಮುಂದೆಯೂ ಜೋಳದ ಚೀಲಗಳ ನಡುವೆಯೇ ಮಲಗಿದಳು ಎಂದು ಆ ಊರಿನಿಂದ ಬಂದವರು ಹೇಳುತ್ತಿದ್ದರು. ನಾನು ಮತ್ತೆ ಕೊಳಕೂರಿಗೆ ಹೋಗಲಿಲ್ಲ. ಗೌಡರ ಮೇಲೆ, ಮಲ್ಲಣ್ಣನ ಮೇಲೆ, ಸಾಹೇಬರ ಮೇಲೆ ಇಷ್ಟು ಹೊತ್ತು ಹರಿಹಾಯ್ದೆನಲ್ಲ, ಅವರು ಯಾರೂ ನೀಲಮ್ಮನ ಹೆಸರು ಬರೆದ ಹಾಳೆಯನ್ನು ಅವಳ ಕೈಗೆ ಕೊಟ್ಟಿರಲಿಲ್ಲ. ಅವಳು ನಂಬಿದ್ದು ನನ್ನನ್ನು.

ಆ ದಿನದ್ದು ಇನ್ನೊಂದು ಉಳಿದಿದೆ, ಹೆಂಡತಿಗೂ ಹೇಳಿಲ್ಲ. ಹಿರಿಯರು ಹೋದ ಮೇಲೆ ಮಲ್ಲಣ್ಣ, "ಉಂಡು ಹೋಗ್ರಿ ಮಾಸ್ತರ್ರ, ಬಸ್ಸಿಗಿ ಇನ್ನೂ ಹೊತ್ತದ" ಅಂದ. ಬೇಡ ಎಂದು ಎದ್ದು ಬರಬಹುದಿತ್ತು. ಕೂತೆ. ಬಡಿಸಲು ಬಂದವಳು ನೀಲಮ್ಮ. ಬಿಸಿ ರೊಟ್ಟಿ, ಪುಂಡಿಪಲ್ಯೆ, ಮೇಲೆ ಶೇಂಗಾ ಹಿಂಡಿ. ಮೊದಲಿನ ಹಾಗೇ, ಪರಊರಿನಿಂದ ಬಂದವನಿಗೆ ಬಡಿಸುವ ಹಾಗೆ, ತಟ್ಟೆಯ ಪಕ್ಕ ನೀರಿಟ್ಟಳು. ತಲೆ ತಗ್ಗಿಸಿ ಉಂಡೆ. ಹಸಿವಾಗಿತ್ತು, ರೊಟ್ಟಿ ಚೆನ್ನಾಗಿತ್ತು.

"ಇನ್ನೊಂದು ಹಾಕ್ಲೇನ್ರಿ ಅಣ್ಣಾರ?" ಅಂದಳು.

"ಹಾಕವ್ವ" ಅಂದೆ.